ತಾರೀಖಿಲ್ಲದ ಮುಳುಗಡೆ

ಬಾಗಲಕೋಟೆ ಕಡೆಯವರಿಗೆ ‘ಮುಳುಗಡೆ’ ಎಂಬ ಪದದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮುಳುಗಡೆ ಊರು, ಮುಳುಗಡೆ ಹೊಲ, ಮುಳುಗಡೆ ರೊಕ್ಕ – ನಮ್ಮಲ್ಲಿ ಇವೆಲ್ಲ ದಿನಬಳಕೆಯ ಮಾತುಗಳು. ಉಳಿದವರಿಗೆ ಆಲಮಟ್ಟಿ ಎಂದರೆ ಅಣೆಕಟ್ಟು, ಉದ್ಯಾನ, ಕಾರಂಜಿ. ನಮಗೆ ಅದೊಂದು ಅಳತೆ: 519.60 ಮೀಟರ್. ಆ ಗೆರೆಯ ಕೆಳಗಿದ್ದದ್ದು ನೀರಿಗೆ, ಮೇಲಿದ್ದದ್ದು ನಮಗೆ.

ಕೆಲಸಕ್ಕೆಂದು 2010ರಲ್ಲಿ ಪುಣೆಗೆ ಬಂದಾಗ ಈ ಪದ ಇಲ್ಲಿ ಮತ್ತೆ ನೆನಪಾಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಇಲ್ಲಿ ಯಾವ ನದಿಯೂ ಮೇಲೇರಿ ಬರಲಿಲ್ಲ. ಆದರೂ ಈ ಹದಿನೈದು ವರ್ಷಗಳಲ್ಲಿ ನನ್ನ ಕಣ್ಣೆದುರೇ ಕೆಲವು ಊರುಗಳು ಮುಳುಗಿದವು. ಹೆಚ್ಚಿನವರಿಗೆ ಅದು ಗೊತ್ತಾಗಲಿಲ್ಲ. ಅಲ್ಲೇ ಮನೆ ಮಾಡಿಕೊಂಡಿರುವ ನಮಗಂತೂ ಇನ್ನೂ ಗೊತ್ತಾದಂತಿಲ್ಲ.

ವಿಳಾಸದೊಳಗಿನ ಹಳ್ಳಿ

ಪುಣೆಯ ಕನ್ನಡಿಗರು ಎಲ್ಲಿಯಾದರೂ ಸೇರಿದಾಗ ಮೊದಲ ಪ್ರಶ್ನೆ ‘ನಿಮ್ದು ಯಾವೂರು?’, ಎರಡನೆಯದು ‘ಇಲ್ಲಿ ಎಲ್ಲಿರ್ತೀರಿ?’ ಎರಡನೆಯದಕ್ಕೆ ಬರುವ ಉತ್ತರಗಳನ್ನು ಗಮನಿಸಿ: ವಾಕಡ್, ಬಾಣೇರ್, ಪಿಂಪಳೆ ಸೌದಾಗರ್, ಖರಾಡಿ, ವಾಘೋಲಿ, ಉಂಡ್ರಿ, ಹಡಪಸರ್. ಇವು ಯಾವ ಬಿಲ್ಡರ್ ಇಟ್ಟ ಹೆಸರುಗಳೂ ಅಲ್ಲ, ಊರುಗಳ ಹೆಸರು. ಅಂದರೆ ಎರಡೂ ಪ್ರಶ್ನೆಗೆ ನಾವು ಹೇಳುವುದು ಹಳ್ಳಿಯ ಹೆಸರನ್ನೇ. ಎರಡನೆಯದೂ ಹಳ್ಳಿ ಎಂಬುದು ನಮ್ಮ ಮನಸ್ಸಿಗೆ ಬರುವುದಿಲ್ಲ, ಅಷ್ಟೆ.

ಹೆಸರಿನ ಹಿಂದೆ ಇರುವ ‘ಬುದ್ರುಕ್’, ‘ಖುರ್ದ್’ ಎಂಬ ಬಾಲಗಳನ್ನು ನೀವು ನೋಡಿರಬಹುದು. ಕೋಂಢ್ವಾ ಬುದ್ರುಕ್, ಕೋಂಢ್ವಾ ಖುರ್ದ್. ಆಂಬೇಗಾಂವ್ ಬುದ್ರುಕ್, ಆಂಬೇಗಾಂವ್ ಖುರ್ದ್. ಫಾರ್ಸಿಯಿಂದ ಬಂದ ಈ ಪದಗಳಿಗೆ ದೊಡ್ಡದು, ಚಿಕ್ಕದು ಎಂದರ್ಥ. ಬೆಳಗಾವಿ ಕಡೆಯವರಿಗೆ ಇದು ಹೊಸದಲ್ಲ, ಅಲ್ಲಿನ ಕಂಗ್ರಾಳಿಗೂ ಬಿ.ಕೆ., ಕೆ.ಎಚ್. ಎಂಬ ಬಾಲಗಳಿವೆ. ನಾವು ಕನ್ನಡದಲ್ಲಿ ಹಿರೇ, ಚಿಕ್ಕ ಎಂದು ಊರ ಹೆಸರಿನ ಮುಂದೆ ಇಡುವುದನ್ನು ಇವರು ಹಿಂದೆ ಇಟ್ಟಿದ್ದಾರೆ. ಈಗ ಬುದ್ರುಕ್ಕಿಗೂ ಖುರ್ದಿಗೂ ನಡುವೆ ಇದ್ದ ಹೊಲಗಳಿಲ್ಲ. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ಹೇಳಲು ಡೆಲಿವರಿ ಹುಡುಗನೇ ಬೇಕು.

ಹಾಗೆ ನೋಡಿದರೆ ಪುಣೆಯೂ ಹೀಗೆಯೇ ಹುಟ್ಟಿದ ಊರು. ಅದರ ಹೆಸರು ಸಿಗುವ ಹಳೆಯ ದಾಖಲೆಗಳು ಕ್ರಿ.ಶ. 758 ಮತ್ತು 768ರ ತಾಮ್ರಪಟಗಳು. ಹೊರಡಿಸಿದವರು ನಮ್ಮ ರಾಷ್ಟ್ರಕೂಟರು. ಜಂಗಲಿ ಮಹಾರಾಜ ರಸ್ತೆಯ ಪಾತಾಳೇಶ್ವರ ಗುಹಾಲಯವೂ ಅವರ ಕಾಲದ್ದೇ. ಅಂದಿನಿಂದ ಇಂದಿನವರೆಗೆ ಈ ಊರು ಸುತ್ತಲಿನ ಹಳ್ಳಿಗಳನ್ನು ನುಂಗುತ್ತಲೇ ಬೆಳೆದಿದೆ.

ಬದಲಾದದ್ದು ನುಂಗುವ ವೇಗ. ಪುಣೆ ಮಹಾನಗರಪಾಲಿಕೆ ಆದದ್ದು 1950ರ ಫೆಬ್ರುವರಿಯಲ್ಲಿ. 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದು ನದಿದಂಡೆಯ ಪೇಟೆಗಳು ಕೊಚ್ಚಿಹೋದಾಗ ನಿರಾಶ್ರಿತರಿಗಾಗಿ ಊರಾಚೆ ಗೋಖಲೆನಗರ, ಸಹಕಾರನಗರದಂಥ ಬಡಾವಣೆಗಳು ಎದ್ದವು. ಅತ್ತ ಪಿಂಪ್ರಿಯಲ್ಲಿ 1954ರಲ್ಲಿ ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಬಂತು, ಆಮೇಲೆ ಬಜಾಜ್, ಟೆಲ್ಕೊ ಬಂದವು. ಕಾರ್ಖಾನೆಗಳ ಸುತ್ತಲಿನ ಹಳ್ಳಿಗಳೆಲ್ಲ ಸೇರಿ 1982ರಲ್ಲಿ ಪಿಂಪ್ರಿ-ಚಿಂಚವಡ ಎಂಬ ಇನ್ನೊಂದು ಮಹಾನಗರಪಾಲಿಕೆಯೇ ಆಯಿತು. 1997ರಲ್ಲಿ ಬಾಣೇರ್, ಬಾಲೇವಾಡಿ, ಖರಾಡಿಯಂಥ ಹಳ್ಳಿಗಳು ಪುಣೆಗೆ ಸೇರಿದವು. 2017ರಲ್ಲಿ ಲೋಹಗಾಂವ್, ಧಾಯರಿ, ಉಂಡ್ರಿ ಸೇರಿ 11, 2021ರ ಜೂನ್ 30ರಂದು ವಾಘೋಲಿ, ಸೂಸ್, ಮಹಾಳುಂಗೆ, ನಾಂದೇಡ್, ಕಿರಕಟವಾಡಿ ಸೇರಿ ಒಂದೇ ಸಲಕ್ಕೆ 23. ಆಗ ಪುಣೆ ಪಾಲಿಕೆ ವಿಸ್ತೀರ್ಣದಲ್ಲಿ ಮುಂಬಯಿಯನ್ನೂ ಮೀರಿಸಿತು.

ಈ ತಾರೀಖುಗಳು ಪಾಲಿಕೆಯ ಕಾಗದದಲ್ಲಿ ಹಳ್ಳಿ ಸೇರಿದ ದಿನವನ್ನು ಹೇಳುತ್ತವೆ. ಹಳ್ಳಿ ಹಳ್ಳಿಯಾಗಿ ಇರುವುದನ್ನು ನಿಲ್ಲಿಸಿದ ದಿನ ಯಾವುದು ಎಂಬುದು ಬೇರೆಯೇ ಪ್ರಶ್ನೆ.

ಬದುವಿನ ಮೇಲಿನ ರಸ್ತೆ

ನನ್ನ ಮೊದಲ ಬಾಡಿಗೆ ಮನೆ ವಾಕಡ್‌ನಲ್ಲಿ, ಊರಿನ ಹಳೇ ಭಾಗದ ಅಂಚಿಗೆ. ಒಂದು ರೂಮು, ಒಂದು ಅಡುಗೆಮನೆ, ಮೇಲೆ ಸಿಂಟೆಕ್ಸ್ ಟ್ಯಾಂಕು. ಹಿಂದಿನ ಕಿಟಕಿ ತೆರೆದರೆ ಜೋಳದ ಹೊಲ, ಅದರಾಚೆ ಕಲ್ಲು ಕಟ್ಟಿದ ಬಾವಿ. ಬೆಳಗ್ಗೆ ಸಿಕ್ಸ್ ಸೀಟರ್ ರಿಕ್ಷಾದಲ್ಲಿ ಹತ್ತು ಜನರ ನಡುವೆ ಒತ್ತಿಕೊಂಡು ಹಿಂಜವಡಿಗೆ ಹೋಗುವಾಗ ಎಮ್ಮೆಗಳು ಅಡ್ಡ ಬಂದರೆ ರಿಕ್ಷಾ ನಿಲ್ಲುತ್ತಿತ್ತು. ಯಾರೂ ಹಾರ್ನ್ ಹೊಡೆಯುತ್ತಿರಲಿಲ್ಲ, ಎಮ್ಮೆಯ ಯಜಮಾನ ರಿಕ್ಷಾದವನ ಪೈಕಿಯವನೇ ಆಗಿರುತ್ತಿದ್ದ.

ಹೊಲಕ್ಕೆ ಮೊದಲು ಬಂದದ್ದು ತಗಡಿನ ಬೇಲಿ. ನೀಲಿ ಬಣ್ಣದ್ದು, ಆಳೆತ್ತರದ್ದು. ಆ ವರ್ಷ ಜೋಳ ಬಿತ್ತಲಿಲ್ಲ. ಮುಂದಿನ ವರ್ಷ ಬೇಲಿಯ ಮೇಲೆ ಈಜುಕೊಳದ ಚಿತ್ರ ಬಂತು. ಆಮೇಲೆ ಗುಂಡಿ ತೋಡಿದರು. ಗುಂಡಿಯಲ್ಲಿ ಒಸರಿದ ನೀರನ್ನು ಮೋಟರು ಹಚ್ಚಿ ಹಗಲು ರಾತ್ರಿ ಹೊರಗೆ ಚೆಲ್ಲಿದರು. ಕೆಲವೇ ತಿಂಗಳಲ್ಲಿ ಬಾವಿ ಬತ್ತಿತು. ಬತ್ತಿದ ಬಾವಿಗೆ ಕಟ್ಟಡದ ಕಸ ತುಂಬಿದರು. ನಾಲ್ಕನೇ ವರ್ಷ ಅಲ್ಲಿ ಇಟಲಿಯ ಹೆಸರು ಹೊತ್ತ ಸೊಸೈಟಿ ಎದ್ದು ನಿಂತಿತು, ಅದರ ಗೇಟಿಗೆ ದಿನವೂ ನೀರಿನ ಟ್ಯಾಂಕರ್ ಬರತೊಡಗಿತು. ಬಾವಿ ಇದ್ದ ಜಾಗಕ್ಕೇ ಹೊರಗಿನಿಂದ ನೀರು ತರುವುದನ್ನು ನೋಡಿ ಓಣಿಯ ಹಿರಿಯರು ನಗುತ್ತಿದ್ದರು.

ನಾವೆಲ್ಲ ದಿನಾ ಬೈಯುವ ಇಲ್ಲಿನ ಟ್ರಾಫಿಕ್ಕಿಗೂ ಹಳ್ಳಿಗೂ ಸಂಬಂಧವಿದೆ. ನೇರ ಹೋಗುತ್ತಿರುವ ರಸ್ತೆ ಇದ್ದಕ್ಕಿದ್ದಂತೆ ಮೊಣಕೈಯಂತೆ ತಿರುಗುತ್ತದೆ, ಎರಡು ಟವರ್‌ಗಳ ನಡುವೆ ಒಂದು ಕಾರು ಹಿಡಿಯುವಷ್ಟು ಸಣ್ಣದಾಗುತ್ತದೆ. ಯಾಕೆಂದರೆ ಅದು ರಸ್ತೆಯಾಗಿ ಹುಟ್ಟಿದ್ದಲ್ಲ. ಅದು ಚಕ್ಕಡಿ ಹೋಗುತ್ತಿದ್ದ ದಾರಿ, ಬದುವಿನ ಗುಂಟ ಸಾಗಿದ್ದು. ಹೊಲಗಳು ಒಂದೊಂದಾಗಿ ಮಾರಾಟವಾದವು, ಪ್ರತಿ ಬಿಲ್ಡರ್ ತನ್ನ ತುಂಡಿನ ಗಡಿಯವರೆಗೆ ಕಟ್ಟಿದ, ಮಧ್ಯದಲ್ಲಿ ಉಳಿದ ದಾರಿಗೆ ಡಾಂಬರು ಬಿತ್ತು. ನಾವು ಆಫೀಸಿಗೆ ತಡವಾಗಿ ನಿಲ್ಲುವ ಆ ತಿರುವು ಯಾರೋ ಇಬ್ಬರು ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡಾಗ ಹಾಕಿದ ಬದು.

ಇನ್ನೊಂದು ವಿಚಿತ್ರವೆಂದರೆ, ನಮ್ಮೆಲ್ಲರ ರೆಸ್ಯೂಮೆಗಳಲ್ಲಿ ಹೊಳೆಯುವ ಹಿಂಜವಡಿ 2025ರಲ್ಲಿಯೂ ಗ್ರಾಮಪಂಚಾಯತಿಯೇ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ರಾಜೀವ್ ಗಾಂಧಿ ಇನ್ಫೊಟೆಕ್ ಪಾರ್ಕ್ ಹಿಂಜವಡಿ, ಮಾಣ್ ಊರುಗಳ ಭೂಮಿಯ ಮೇಲೆ ಮೂರು ಹಂತಗಳಲ್ಲಿ ಹರಡಿದೆ. ಒಳಗೆ ಲಂಡನ್ನಿನ ಬ್ಯಾಂಕಿಗೆ ಸಾಫ್ಟ್‌ವೇರ್ ಬರೆಯುತ್ತೇವೆ, ಹೊರಗೆ ಊರಿನ ಕಸಕ್ಕೆ ಸರಪಂಚರನ್ನು ಕೇಳಬೇಕು.

ಕಾಕೂ ಹೇಳಿದ್ದು

ಮನೆಯೊಡತಿಯನ್ನು ನಾನು ಕಾಕೂ ಎಂದು ಕರೆಯುತ್ತಿದ್ದೆ. ನಮ್ಮ ಕಡೆಯೂ ಕಾಕಾ, ಕಾಕು ಎನ್ನುವುದರಿಂದ ಬಾಯಿಗೆ ಸಲೀಸು. ಅವರು ನನ್ನನ್ನು ‘ತಾಯಿ’ ಎನ್ನುತ್ತಿದ್ದರು. ಮರಾಠಿಯಲ್ಲಿ ಅದು ಅಕ್ಕ ಎಂಬರ್ಥದ ಗೌರವದ ಮಾತು. ಅರವತ್ತು ದಾಟಿದವರು ನನ್ನನ್ನು ತಾಯಿ ಎಂದಾಗ ಮೊದಮೊದಲು ಮುಜುಗರವಾಗುತ್ತಿತ್ತು.

ಅವರ ಮನೆತನಕ್ಕೆ ಮೂರು ಕಡೆ ಹೊಲವಿತ್ತು. ಉತಾರದಲ್ಲಿ, ಇಲ್ಲಿನವರು ಸಾತಬಾರಾ ಎನ್ನುವ ಕಾಗದದಲ್ಲಿ, ಹದಿನಾಲ್ಕು ಹೆಸರು. ಅಣ್ಣತಮ್ಮಂದಿರು, ಕೊಟ್ಟ ಮನೆಗೆ ಹೋದ ಹೆಣ್ಣುಮಕ್ಕಳು, ಅವರ ಮಕ್ಕಳು. ಒಬ್ಬರು ಮಾರುತ್ತೇನೆ ಎಂದರೆ ಉಳಿದವರು ಬೇಡ ಎನ್ನುವ ಧೈರ್ಯ ಮಾಡಲಿಲ್ಲ, ಯಾಕೆಂದರೆ ನಾಳೆ ರೇಟು ಇಳಿದರೆ ಬೈಗುಳ ತಮಗೆ. ಬಂದ ಹಣದಲ್ಲಿ ಕಾಕೂ ಯಜಮಾನರು ಬಾಡಿಗೆ ರೂಮುಗಳನ್ನು ಕಟ್ಟಿಸಿದರು, ಅದರಿಂದ ಮನೆ ನಡೆಯಿತು. ಮೈದುನರೊಬ್ಬರು ದೂರದ ತಾಲೂಕಿನಲ್ಲಿ ಹೊಲ ಕೊಂಡು ಅಲ್ಲಿಗೆ ಹೋದರು. ಇನ್ನೊಬ್ಬರ ಮಗ ದೊಡ್ಡ ಕಾರು ಕೊಂಡ, ಐದು ವರ್ಷದಲ್ಲಿ ಅದೂ ಹೋಗಿ ಈಗ ಯಾವುದೋ ಸೊಸೈಟಿಯ ಗೇಟಿನಲ್ಲಿ ಸೆಕ್ಯೂರಿಟಿ. 2018ರಲ್ಲಿ ಪ್ರವೀಣ್ ತರಡೆಯವರ ‘ಮುಳಶಿ ಪ್ಯಾಟರ್ನ್’ ಸಿನೆಮಾ ಬಂದಾಗ ಈ ಭಾಗದ ಥಿಯೇಟರುಗಳು ತುಂಬಿದ್ದಕ್ಕೆ ಕಾರಣವಿತ್ತು. ಹೊಲ ಮಾರಿದ ರೈತನ ಮಗ ದಾರಿ ತಪ್ಪುವ ಆ ಕಥೆಯಲ್ಲಿ ಜನ ತಮ್ಮ ಪೈಕಿಯವರನ್ನು ಗುರುತಿಸಿದರು.

ಒಂದು ದಿನ ಕಾಕೂ ಹೇಳಿದರು, ‘ತಾಯಿ, ನಮ್ಮೂರು ಯಾವಾಗ ಹೋಯ್ತು ಅಂತ ಕೇಳಿದ್ರೆ ನನಗೆ ಹೇಳೋಕೆ ಬರೋದಿಲ್ಲ. ಮೊದಲ ಹೊಲ ಮಾರಿದಾಗ ಊರು ಇತ್ತು. ಕೊನೆಯ ಹೊಲ ಮಾರಿದಾಗ ನೋಡಿದ್ರೆ ಇರಲಿಲ್ಲ.’

ಆ ರಾತ್ರಿ ನನಗೆ ನೆನಪಾದದ್ದು ನಮ್ಮಜ್ಜಿಯ ಊರು.

ನೀರು ಬರುವ ದಿನ

ಅಜ್ಜಿಯ ಊರು ಘಟಪ್ರಭೆಯ ದಂಡೆಯಲ್ಲಿತ್ತು, ಈಗ ಆಲಮಟ್ಟಿಯ ಹಿನ್ನೀರಿನಲ್ಲಿದೆ. ಲಾಲ್ ಬಹದ್ದೂರ್ ಶಾಸ್ತ್ರಿಗಳು ಆಲಮಟ್ಟಿಗೆ ಅಡಿಗಲ್ಲು ಹಾಕಿದ್ದು 1964ರ ಮೇ 22ರಂದು. ಅಣೆಕಟ್ಟು ಮುಗಿದು ರಾಷ್ಟ್ರಪತಿ ಅಬ್ದುಲ್ ಕಲಾಮರು ಲೋಕಾರ್ಪಣೆ ಮಾಡಿದ್ದು 2006ರ ಆಗಸ್ಟ್ 21ರಂದು. ನಡುವಿನ ನಾಲ್ಕು ದಶಕ ನಮ್ಮವರು ಇಂದೋ ನಾಳೆಯೋ ನೀರು ಬರುತ್ತದೆ ಎಂದು ಕಾಯುತ್ತ ಬದುಕಿದರು. ಬರುವುದು ಹೇಗೂ ನೀರೇ ಎಂದು ಮನೆಗೆ ಸುಣ್ಣ ಬಳಿಯಲಿಲ್ಲ, ಮಾಳಿಗೆ ಸೋರಿದರೆ ಮಣ್ಣು ಹಾಕಲಿಲ್ಲ. ಆ ಊರಿಗೆ ಹೆಣ್ಣು ಕೊಡಲೂ ಹಿಂದೆ ಮುಂದೆ ನೋಡುತ್ತಿದ್ದರು.

ಅದರಲ್ಲಿ ಹೊಗಳುವಂಥದ್ದೇನೂ ಇರಲಿಲ್ಲ. ಪರಿಹಾರ ಸಾಲಲಿಲ್ಲ, ಪುನರ್ವಸತಿ ಕೇಂದ್ರದ ಸೈಟುಗಳಲ್ಲಿ ಮೊದಲ ವರ್ಷ ನೆರಳಿಗೊಂದು ಗಿಡವಿರಲಿಲ್ಲ. ಇವತ್ತಿಗೂ ಜನ ಅದನ್ನು ಊರು ಎನ್ನುವುದಿಲ್ಲ, ‘ಆರ್.ಸಿ.’ ಎನ್ನುತ್ತಾರೆ. ಅಣೆಕಟ್ಟನ್ನು 524.256 ಮೀಟರಿಗೆ ಎತ್ತರಿಸುವ ಕೆಲಸ ಬಾಕಿ ಇರುವುದರಿಂದ ಇನ್ನೂ ಕೆಲವು ಊರುಗಳು ಹಾಗೇ ಕಾಯುತ್ತಿವೆ.

ಆದರೆ ಒಂದು ಮಾತ್ರ ಇತ್ತು. ಬಿಡುವ ದಿನ ಎಲ್ಲರಿಗೂ ಗೊತ್ತಿತ್ತು. ಯಾರ ಮನೆ, ಎಷ್ಟು ಅಂಕಣ, ಎಷ್ಟು ಗಿಡ ಎಂದು ಬರೆದುಕೊಂಡು ಹೋಗಿದ್ದರು. ಕದ, ಚೌಕಟ್ಟು, ತೊಲೆ, ಜಂತಿಗಳನ್ನು ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿದರು. ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚಿದರು. ಕೊನೆಗೆ ಎದ್ದದ್ದು ಹನುಮಪ್ಪ. ಡೊಳ್ಳು ಬಾರಿಸಿಕೊಂಡು ದೇವರನ್ನು ಹೊಸ ಜಾಗಕ್ಕೆ ತಂದರು. ನಮ್ಮಜ್ಜಿ ಮಾತ್ರ ಹಿಂದೆ ಉಳಿದು ಬಾವಿಗೆ ಕೈ ಮುಗಿದು ಬಂದಳು. ‘ಮನಿ ಬಿಚ್ಚಿಕೊಂಡು ಬರಬಹುದು, ಬಾವಿ ಹೆಂಗ ಬಿಚ್ಚಿಕೊಂಡು ಬರೂದವ್ವಾ?’ ಅಂದಿದ್ದಳು.

ನೀರಿನ ಮುಳುಗಡೆಗೆ ಒಂದು ಮಟ್ಟವಿತ್ತು, ಪಟ್ಟಿಯಿತ್ತು, ತಾರೀಖಿತ್ತು. ಅಳುವುದಕ್ಕೆ ಒಂದು ದಿನವಿತ್ತು, ಬೈಯುವುದಕ್ಕೆ ಒಂದು ಕಚೇರಿಯಿತ್ತು. ಸಿಮೆಂಟಿನ ಮುಳುಗಡೆಗೆ ಇವು ಯಾವುವೂ ಇಲ್ಲ. ಅಲ್ಲಿ ಪ್ರತಿಯೊಬ್ಬರೂ ತಮ್ಮ ಒಪ್ಪಿಗೆಯಿಂದಲೇ, ಒಳ್ಳೆಯ ಬೆಲೆಗೇ, ತಮ್ಮ ತುಂಡನ್ನು ಮಾರಿರುತ್ತಾರೆ. ಯಾರನ್ನು ಬೈಯುವುದು? ಊರನ್ನು ಮಾತ್ರ ಯಾರೂ ಮಾರಿರುವುದಿಲ್ಲ, ಆದರೂ ಅದು ಹೋಗಿರುತ್ತದೆ.

ಹಿಂಜವಡಿ ಇರುವ ಮುಳಶಿ ತಾಲೂಕಿಗೆ ನೀರಿನ ಮುಳುಗಡೆಯೂ ಗೊತ್ತು. ಮುಂಬಯಿಗೆ ವಿದ್ಯುತ್ ಕೊಡಲು ಟಾಟಾ ಕಂಪನಿ ಇಲ್ಲಿ ಅಣೆಕಟ್ಟು ಕಟ್ಟಲು ಹೊರಟಾಗ 1921ರಲ್ಲಿ ರೈತರು ಸತ್ಯಾಗ್ರಹ ಹೂಡಿದರು. ಮುಂದಾಳತ್ವ ವಹಿಸಿದ ಪಾಂಡುರಂಗ ಮಹಾದೇವ ಬಾಪಟರಿಗೆ ‘ಸೇನಾಪತಿ’ ಎಂಬ ಹೆಸರು ಬಂದದ್ದು ಆ ಹೋರಾಟದಿಂದಲೇ. ದೇಶದಲ್ಲಿ ಅಣೆಕಟ್ಟಿನ ವಿರುದ್ಧ ನಡೆದ ಮೊದಮೊದಲ ಚಳವಳಿಗಳಲ್ಲಿ ಅದೊಂದು. ಹೋರಾಟ ಸೋತಿತು, ಊರುಗಳು ಮುಳುಗಿದವು. ಆದರೆ ನೂರು ವರ್ಷವಾದರೂ ಮುಳಶಿ ಸತ್ಯಾಗ್ರಹ ಪಾಠದಲ್ಲಿದೆ. ಅದೇ ತಾಲೂಕಿನಲ್ಲಿ ಇಪ್ಪತ್ತೈದು ವರ್ಷಗಳಲ್ಲಿ ಭತ್ತದ ಗದ್ದೆಗಳು ಕರಗಿದ್ದಕ್ಕೆ ಹೆಸರಿಲ್ಲ.

ನೀರಿನಲ್ಲಿ ಮುಳುಗಿದ್ದು ಒಮ್ಮೊಮ್ಮೆ ಎದ್ದಾದರೂ ಬರುತ್ತದೆ. ಪುಣೆಯಿಂದ ಸೊಲ್ಲಾಪುರದ ದಾರಿ ಹಿಡಿದು ವಿಜಯಪುರಕ್ಕೋ ಕಲಬುರಗಿಗೋ ಹೋಗುವವರಿಗೆ ಉಜನಿ ಹಿನ್ನೀರು ಗೊತ್ತು. ಇಂದಾಪುರ ತಾಲೂಕಿನ ಪಳಸದೇವದ ಹಳೆಯ ದೇವಸ್ಥಾನ ಅದರಲ್ಲಿ ಮುಳುಗಿದೆ. ಬರಗಾಲದ ಬೇಸಿಗೆಯಲ್ಲಿ ನೀರಿಳಿದಾಗ ಶಿಖರದಿಂದ ಬುಡದವರೆಗೆ ಹೊರಗೆ ಕಾಣುತ್ತದೆ, ಊರಿನವರು ಹೋಗಿ ಪೂಜೆ ಮಾಡಿ ಬರುತ್ತಾರೆ. ನಮ್ಮಲ್ಲಿಯೂ ಮೇ ತಿಂಗಳಲ್ಲಿ ಹಿನ್ನೀರು ಸರಿದಾಗ ಹಳೆಯ ಊರುಗಳ ಪಾಯಗಳು ಕಾಣುತ್ತವೆ. ನಲವತ್ತು ಮಹಡಿಯ ಕೆಳಗೆ ಹೋದ ಬಾವಿಗೆ ಅಂಥ ಬೇಸಿಗೆ ಬರುವುದಿಲ್ಲ.

ಮಾರದೆಯೂ ಬದಲಾದವರು

ಹಾಗೆಂದು ಹಳ್ಳಿ ಹಳ್ಳಿಯಾಗಿಯೇ ಉಳಿಯಬೇಕಿತ್ತು ಎನ್ನುವ ಹಕ್ಕು ನನಗಿಲ್ಲ. ಕಾಕೂ ಕೂಡ ಅದನ್ನು ಒಪ್ಪುವುದಿಲ್ಲ. ಅವರು ಮದುವೆಯಾಗಿ ಬಂದಾಗ ನದಿಯಿಂದ ನೀರು ಹೊತ್ತವರು, ಈಗ ಅವರ ಮೊಮ್ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಪ್ರಶ್ನೆ ಬದಲಾವಣೆ ಬೇಕೋ ಬೇಡವೋ ಎಂಬುದಲ್ಲ, ಆ ಬದಲಾವಣೆಯಲ್ಲಿ ಊರಿನವರ ಕೈ ಎಷ್ಟಿತ್ತು ಎಂಬುದು.

ಇದಕ್ಕೆ ಪುಣೆಯಲ್ಲೇ ಒಂದು ಬೇರೆ ಉದಾಹರಣೆ ಇದೆ. ಹಡಪಸರದ ಮಗರಪಟ್ಟಾದಲ್ಲಿ ಸತೀಶ್ ಮಗರ್ ಮತ್ತು ಅವರ ಬಂಧುಬಳಗದ ಸುಮಾರು 120 ರೈತ ಕುಟುಂಬಗಳು ತಮ್ಮ 400 ಎಕರೆಗೂ ಹೆಚ್ಚಿನ ಹೊಲವನ್ನು ತುಂಡು ತುಂಡಾಗಿ ಮಾರಲಿಲ್ಲ. ಎಲ್ಲವನ್ನೂ ಒಟ್ಟುಗೂಡಿಸಿ ತಾವೇ ಕಂಪನಿ ಮಾಡಿಕೊಂಡು, ಭೂಮಿಯ ಪ್ರಮಾಣಕ್ಕೆ ತಕ್ಕ ಷೇರು ಪಡೆದು ನಗರ ಕಟ್ಟಿದರು. 2000ದ ಹೊತ್ತಿಗೆ ಕೆಲಸ ಶುರುವಾಯಿತು. ಕಬ್ಬು ಬೆಳೆಯುತ್ತಿದ್ದವರ ಮಕ್ಕಳು ಅದೇ ನಗರದಲ್ಲಿ ಗುತ್ತಿಗೆದಾರರಾದರು, ಅಂಗಡಿ ಇಟ್ಟರು. ಅಲ್ಲಿ ರಸ್ತೆಗಳು ಬದುವಿನಂತೆ ತಿರುಗುವುದಿಲ್ಲ, ಮೊದಲೇ ಯೋಚಿಸಿ ಹಾಕಿದವು. ನಡುವೆ ದೊಡ್ಡ ಉದ್ಯಾನವಿದೆ. ನಾಂದೇಡ್ ಸಿಟಿಯಲ್ಲಿಯೂ ಇದೇ ದಾರಿ ಹಿಡಿದರು.

ಎಲ್ಲ ಊರಿಗೂ ಇದು ಸಾಧ್ಯವಿತ್ತೇ? ಇರಲಿಕ್ಕಿಲ್ಲ. ಒಂದೇ ಮನೆತನದ ಒಗ್ಗಟ್ಟು, ನಂಬುವಂಥ ಮುಂದಾಳು, ಕಾಯುವ ತಾಕತ್ತು ಎಲ್ಲ ಒಟ್ಟಿಗೆ ಸಿಗಬೇಕು. ಆದರೂ ಹಳ್ಳಿ ನಗರವಾಗುವುದಕ್ಕೆ ಇರುವುದು ಒಂದೇ ದಾರಿಯಲ್ಲ ಎಂಬುದಕ್ಕೆ ಅದು ಸಾಕ್ಷಿ.

ವರ್ಷಕ್ಕೊಮ್ಮೆ ಏಳುವ ಊರು

ಮುಳುಗಿತು ಎಂದು ನಾನು ಅಂದುಕೊಂಡ ಊರು ವರ್ಷಕ್ಕೊಮ್ಮೆ ಎದ್ದು ನಿಲ್ಲುತ್ತದೆ. ಚೈತ್ರದ ಹುಣ್ಣಿಮೆ, ಹನುಮ ಜಯಂತಿಯ ದಿನ ಹಿಂಜವಡಿ-ವಾಕಡ್‌ನ ಮ್ಹಾತೋಬಾ ದೇವರ ಜಾತ್ರೆ. ಅಂದು ‘ಬಗಾಡ’ ಹೊರಡುತ್ತದೆ. ನಮ್ಮ ಸಿಡಿ ಜಾತ್ರೆ ನೋಡಿದವರಿಗೆ ಬಗಾಡ ಎಂದರೇನೆಂದು ವಿವರಿಸಬೇಕಿಲ್ಲ. ಉದ್ದನೆಯ ಕಂಬ ಕಟ್ಟಿದ ಗಾಡಿ, ಹರಕೆ ಹೊತ್ತವನು ಅದರ ಮೇಲೆ, ಸುತ್ತ ಗುಲಾಲು. ಹಿಂಜವಡಿಯಿಂದ ಹೊರಟ ಬಗಾಡ ವಾಕಡ್‌ಗೆ ಬರುತ್ತದೆ. ಮೆಟ್ರೊ ಕಂಬಗಳ ನಡುವೆ, ಗಾಜಿನ ಕಟ್ಟಡಗಳ ಮುಂದೆ, ಸಾವಿರಾರು ಜನ ‘ಮ್ಹಾತೋಬಾಚ್ಯಾ ನಾವಾನೆ ಚಾಂಗಭಲಂ’ ಎಂದು ಕೂಗುತ್ತ ನಡೆಯುತ್ತಾರೆ. ಆ ದಿನ ಟ್ರಾಫಿಕ್ ಪೊಲೀಸರು ದಾರಿ ಬದಲಿಸುತ್ತಾರೆ, ಐಟಿ ಕಂಪನಿಗಳಿಂದ ‘ಮನೆಯಿಂದಲೇ ಕೆಲಸ ಮಾಡಿ’ ಎಂಬ ಮೇಲ್ ಬರುತ್ತದೆ. ಮೊದಲ ಸಲ ಆ ಮೇಲ್ ಬಂದಾಗ ನನ್ನ ತಂಡದಲ್ಲಿ ಯಾರಿಗೂ ಕಾರಣ ಗೊತ್ತಿರಲಿಲ್ಲ, ‘ಏನೋ ಲೋಕಲ್ ಫಂಕ್ಷನ್’ ಎಂದರು. ನಾನು ಕಾಕೂ ಜೊತೆ ಹೋಗಿ ನೋಡಿದೆ. ದಿನಾ ಗೇಟಿನಲ್ಲಿ ನಮಗೆ ಸಲಾಮು ಹೊಡೆಯುವ ಅವರ ಮೈದುನನ ಮಗ ಅಂದು ರುಮಾಲು ಸುತ್ತಿಕೊಂಡು ಬಗಾಡಕ್ಕೆ ಹೆಗಲು ಕೊಟ್ಟಿದ್ದ. ಆ ಒಂದು ದಿನ ಊರು ಅವನದು, ನಾವೇ ಹೊರಗಿನವರು.

ಜಾತ್ರೆ ನಡೆಯಲು ಒಂದು ಕಾರಣ ‘ಗಾವಠಾಣ’ ಉಳಿದಿರುವುದು. ಹೊಲಗಳೆಲ್ಲ ಹೋದರೂ ಊರಿನ ಮನೆಗಳಿದ್ದ ಜಾಗ, ನಮ್ಮ ಕಡೆಯೂ ಗಾವಠಾಣ ಎಂದೇ ಕರೆಯುವ ಆ ಭಾಗ, ಮಾರಾಟವಾಗುವುದು ಕಡಿಮೆ. ಅಲ್ಲಿ ಇಕ್ಕಟ್ಟಾದ ಓಣಿಗಳು, ಒಂದು ಮಾರುತಿ ಗುಡಿ, ಕುಸ್ತಿಯ ತಾಲೀಮು, ಹಳೆಯ ಕಲ್ಲಿನ ಹೆಬ್ಬಾಗಿಲು ಇರುತ್ತವೆ. ಈಗ ಅದಕ್ಕೂ ಕುತ್ತು ಬಂದಿರುವುದು ರಸ್ತೆ ಅಗಲೀಕರಣದಿಂದ. ಟವರುಗಳ ಕಾರುಗಳಿಗೆ ಜಾಗ ಬೇಕು, ಜಾಗ ಉಳಿದಿರುವುದು ಊರಿನ ಹಳೆಯ ಮನೆಗಳಲ್ಲಿ.

ಕುಡಿಯುವ ನೀರು ಮತ್ತು ಕಟ್ಟುವ ಕೈ

ಪಾಲಿಕೆಗೆ ಸೇರಿದರೆ ನಳದ ನೀರು, ಚರಂಡಿ ಬರುತ್ತದೆ ಎಂದು ಹಳ್ಳಿಗಳು ಆಸೆಪಡುತ್ತವೆ. ತೆರಿಗೆ ಬೇಗ ಬರುತ್ತದೆ, ನೀರು ತಡವಾಗಿ ಬರುತ್ತದೆ. 2025ರ ಜನವರಿಯಲ್ಲಿ ಪುಣೆಯಲ್ಲಿ ಗಿಯಾನ್-ಬಾರೆ ಸಿಂಡ್ರೋಮ್ ಎಂಬ ನರರೋಗ ಒಮ್ಮೆಲೇ ಕಾಣಿಸಿಕೊಂಡಾಗ ಹೆಚ್ಚಿನ ರೋಗಿಗಳು ಸಿಂಹಗಡ ರಸ್ತೆಯ ನಾಂದೇಡ್, ಕಿರಕಟವಾಡಿ, ಧಾಯರಿ ಭಾಗದವರು. ಕಲುಷಿತ ನೀರಿನ ಮೇಲೆ ಅನುಮಾನ ಬಿತ್ತು. ಇವೆಲ್ಲ 2017ರಲ್ಲಿ, 2021ರಲ್ಲಿ ನಗರ ಸೇರಿದ ಹಳ್ಳಿಗಳು, ಪಕ್ಕದಲ್ಲೇ ಖಡಕವಾಸಲಾ ಜಲಾಶಯವಿದೆ. ಬೆಂಗಳೂರಿನವರೂ ಇದನ್ನು ಬಲ್ಲರು. 2007ರಲ್ಲಿ ಅಲ್ಲಿನ ಮಹಾನಗರಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ.

ಇನ್ನೊಂದು ಮಾತನ್ನು ಕನ್ನಡಿಗರಾಗಿ ನಾವು ಗಮನಿಸಬೇಕು. ಪುಣೆಯ ಕನ್ನಡ ಎಂದರೆ ಉಡುಪಿ ಹೋಟೆಲುಗಳು, ಭೀಮಸೇನ ಜೋಶಿಯವರು, ಕನ್ನಡ ಸಂಘದ ಶಾಲೆಗಳು ಎಂದು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ನಾನು ಇಲ್ಲಿ ನನ್ನೂರಿನಂಥ ಕನ್ನಡವನ್ನು ಹೆಚ್ಚು ಕೇಳಿದ್ದು ಕಟ್ಟಡಗಳ ಬುಡದಲ್ಲಿ. ಬೆಳಗ್ಗೆ ಎಂಟಕ್ಕೆ ಕೂಲಿಗೆ ನಿಲ್ಲುವ ನಾಕಾಗಳಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವರು ಬುತ್ತಿ ಹಿಡಿದು ನಿಂತಿರುತ್ತಾರೆ. ‘ಯಾಕವ್ವಾ, ಊರಾಗ ಹೊಲಾ ಇಲ್ಲೇನು?’ ಎಂದು ಒಬ್ಬಾಕೆಯನ್ನು ಕೇಳಿದ್ದೆ. ‘ಐತ್ರೀ ಅಕ್ಕಾರ, ಮಳಿ ಇಲ್ಲ’ ಎಂದಳು. ಅಲ್ಲಿ ಹೊಲವಿದ್ದೂ ಬಿತ್ತಲಾಗದವರು ಇಲ್ಲಿ ಬಂದು ಇನ್ನೊಬ್ಬರ ಹೊಲದ ಮೇಲೆ ಮನೆ ಕಟ್ಟುತ್ತಾರೆ, ಅದನ್ನು ಕಂತಿನಲ್ಲಿ ಕೊಳ್ಳುವವರು ನಾವು. ಇಲ್ಲೊಂದು ಹಳ್ಳಿ ತುಂಬಿ ಹೋಗುವುದಕ್ಕೂ ಅಲ್ಲೊಂದು ಹಳ್ಳಿ ಬರಿದಾಗುವುದಕ್ಕೂ ನಡುವಿನ ದಾರಿ ಒಂದೇ ರಾತ್ರಿಯ ಬಸ್ಸು.

ಹೊಲದ ಹೆಸರುಗಳು

ಈಗ ನಾನು ಇರುವುದೂ ಅಂಥದೇ ಒಂದು ಟವರಿನ ಒಂಬತ್ತನೇ ಮಹಡಿಯಲ್ಲಿ. ಕೊಂಡಾಗ ಕಾಗದಪತ್ರದಲ್ಲಿ ಸರ್ವೆ ನಂಬರ್ ಓದಿದ್ದೆ. ಹೋದ ವರ್ಷ ಕಾಕೂ ಮನೆಗೆ ಬಂದಾಗ ಬಾಲ್ಕನಿಯಲ್ಲಿ ನಿಂತು ಕೈ ತೋರಿಸಿ ಹೇಳುತ್ತ ಹೋದರು: ಈ ಈಜುಕೊಳದ ಜಾಗ ಹುಣಸೆ ಮರದ ಮಳಾ, ಆ ಪಾರ್ಕಿಂಗ್ ಇರುವುದು ಬಿಳಿ ಮಣ್ಣಿನ ಪಟ್ಟಿ, ಅದರಾಚೆ ಹಳ್ಳದ ಹೊಲ, ಅಲ್ಲಿ ಮಳೆಗಾಲದಲ್ಲಿ ಕಾಲಿಡಲಾಗುತ್ತಿರಲಿಲ್ಲ. ಮೊನ್ನೆಯ ಮಳೆಗೆ ನಮ್ಮ ಬೇಸ್‌ಮೆಂಟಿನಲ್ಲಿ ನೀರು ನಿಂತದ್ದು ಸರಿಯಾಗಿ ಆ ಹಳ್ಳದ ಹೊಲದ ಕಡೆಗೇ. ಎಂಜಿನಿಯರುಗಳ ನಕ್ಷೆಯಲ್ಲಿ ಇಲ್ಲದ್ದು ಆ ಹೆಸರಿನಲ್ಲಿತ್ತು.

ನಮ್ಮ ಕಡೆಯೂ ಹೊಲಗಳಿಗೆ ಹೀಗೇ ಹೆಸರಿದ್ದವು. ಮಡ್ಡಿ ಹೊಲ, ಯರಿ ಹೊಲ, ಬನ್ನಿಗಿಡದ ಹೊಲ, ಹೊಳಿಸಾಲ ಹೊಲ. ಮುಳುಗಡೆಯ ಪಟ್ಟಿಯಲ್ಲಿ ಎಕರೆ ಗುಂಟೆ ಬರೆದರು, ಹೆಸರು ಬರೆಯಲಿಲ್ಲ. ಅಜ್ಜಿ ಹೋದ ಮೇಲೆ ಅವುಗಳಲ್ಲಿ ಅರ್ಧ ಈಗ ಯಾರಿಗೂ ನೆನಪಿಲ್ಲ.

ಕಾಕೂ ಹೇಳಿದ್ದನ್ನು ನಾನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಸೊಸೈಟಿಯ ನಕ್ಷೆಯ ಮೇಲೆ ಒಂದೊಂದೇ ಹೆಸರು ಬರೆದಿಟ್ಟಿದ್ದೇನೆ. ಇಪ್ಪತ್ತಮೂರು ಹೆಸರು ಸಿಕ್ಕಿವೆ. ಅವರ ಮೊಮ್ಮಗಳು ಅದನ್ನು ಸರಿಯಾದ ಮರಾಠಿಯಲ್ಲಿ ಬರೆದುಕೊಟ್ಟಳು. ಅದನ್ನು ಕ್ಲಬ್‌ಹೌಸಿನ ಗೋಡೆಗೆ ಹಾಕಲು ಸೊಸೈಟಿಯ ಮೀಟಿಂಗಿನಲ್ಲಿ ಕೇಳಿದ್ದೇವೆ, ಇನ್ನೂ ತೀರ್ಮಾನವಾಗಿಲ್ಲ.

ನೀವು ಮುಂಬಯಿ, ಹೈದರಾಬಾದು, ದಿಲ್ಲಿ, ಬೆಂಗಳೂರು ಎಲ್ಲೇ ಇರಿ, ನಿಮ್ಮ ಕಟ್ಟಡವೂ ಯಾವುದೋ ಹೊಲದಲ್ಲಿಯೇ ನಿಂತಿರುತ್ತದೆ. ಹತ್ತಿರದ ಗಾವಠಾಣದಲ್ಲಿ ಆ ಹೊಲದ ಹೆಸರು ಗೊತ್ತಿರುವ ಒಬ್ಬ ಅಜ್ಜಿಯೋ ಕಾಕಾನೋ ಇನ್ನೂ ಇರಬಹುದು. ಭಾನುವಾರ ಸಂಜೆ ಗುಡಿಯ ಕಟ್ಟೆಯ ಮೇಲೆ ಕೂತಿರುತ್ತಾರೆ. ಹೋಗಿ ಕೇಳಿ, ಸಂತೋಷದಿಂದ ಹೇಳುತ್ತಾರೆ. ಇದುವರೆಗೆ ಅವರನ್ನು ಯಾರೂ ಕೇಳಿರುವುದಿಲ್ಲ.